ಎಂಜಿನ್ ಗುಜರಿಗೆ ಹೋಗಲಿ, ಬಸ್ಸು ಗಿರಣಿಯ ಬಾಗಿಲಿಗೆ ಬರಲಿ



ಸಾರಿಗೆ ನಿಗಮದ ಡಿಪೋಗಳಲ್ಲಿ ಮೂಲೆಗೆ ಬಿದ್ದ ಹಳೆಯ ಬಸ್ಸುಗಳು ಯಾರ ದುಡ್ಡಿನವು? ನಾವು ನೀವು ವರ್ಷಗಟ್ಟಲೆ ಕೊಟ್ಟ ಟಿಕೆಟ್ಟಿನ ದುಡ್ಡಿನವು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ, ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಗಮದ ಬಸ್ಸುಗಳೂ ಅದರಲ್ಲಿ ಸೇರಿವೆ. ಹೊಗೆ ಕಾರುವ ಮುದಿ ಎಂಜಿನ್ ರಸ್ತೆ ಬಿಡಲಿ, ನಮ್ಮ ತಕರಾರಿಲ್ಲ. ಆದರೆ ಗಟ್ಟಿಮುಟ್ಟಾದ ಬಾಡಿಯನ್ನೂ ಕಬ್ಬಿಣದ ತೂಕಕ್ಕೆ ಏಕೆ ಹಾಕಬೇಕು?

ಗಿರಣಿಯ ಬಾಗಿಲಿಗೆ ಬಂದು ನೋಡಿ. ರಾತ್ರಿ ಪಾಳಿ ಮುಗಿಸಿದವನು ಮಳೆಯಲ್ಲಿ ನಿಂತು ಚಹ ಕುಡಿಯುತ್ತಾನೆ. ಚಹ ಮಾರುವವಳು ನಗರಸಭೆಯ ಲಾರಿಗೆ ಹೆದರಿಕೊಂಡೇ ಒಲೆ ಹಚ್ಚುತ್ತಾಳೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದೆಂದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುತ್ತದೆ. ಕಾಯ್ದೆ ಪುಸ್ತಕದಲ್ಲಿದೆ, ಲಾರಿ ಬೀದಿಯಲ್ಲಿದೆ!

ನಮ್ಮ ಬೇಡಿಕೆ ಇಷ್ಟೆ: ಎಂಜಿನ್ ಕಳಚಿದ ಬಸ್ಸನ್ನು ಗುಜರಿಯ ದರಕ್ಕೆ, ಕಾರ್ಮಿಕರೂ ಬೀದಿ ವ್ಯಾಪಾರಿಗಳೂ ಸೇರಿದ ಸಹಕಾರ ಸಂಘಕ್ಕೆ ಮೊದಲು ಕೊಡಿ. ನಿಯಮ ಅಡ್ಡ ಬಂದರೆ ನಿಯಮ ತಿದ್ದಿ.

ಖರ್ಚು ಎಲ್ಲಿಂದ ಎನ್ನುವಿರಾ? ಡೀಸೆಲ್ ಟ್ಯಾಂಕು ತೆಗೆಯಿರಿ. ಕಿತ್ತ ಸೀಟುಗಳೇ ಬೆಂಚು. ಕಿಟಕಿಯ ಸಾಲನ್ನು ಕತ್ತರಿಸಿ ಮೇಲಕ್ಕೆತ್ತುವ ಬಾಗಿಲು ಮಾಡಿದರೆ ಅದೇ ಮಳೆಗೆ ಮಾಡು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿಯುತ್ತದೆ. ಆದ್ದರಿಂದ ಸಿಲಿಂಡರು ಹೊರಗಿನ ಗಾಳಿಯಾಡುವ ಪಂಜರದಲ್ಲಿರಲಿ, ನೆಲಮಟ್ಟದಲ್ಲಿ ಕಿಂಡಿಯಿರಲಿ. ಒಲೆ, ನೀರಿನ ತೊಟ್ಟಿ, ಬೆಂಕಿ ನಂದಿಸುವ ಉಪಕರಣಕ್ಕೆ ಮಾತ್ರ ಕೈಯಿಂದ ದುಡ್ಡು. ಬೆಸುಗೆಯವನು, ಬಡಗಿ, ವೈರ್‌ಮನ್ ನಮ್ಮ ಪಾಳಿಯಲ್ಲೇ ಇದ್ದಾರೆ.

ಇದು ಹಗಲುಗನಸಲ್ಲ. 2020ರಲ್ಲಿ ಕೇರಳದ ಸಾರಿಗೆ ನಿಗಮ ಹಳೆಯ ಬಸ್ಸನ್ನು ಮಿಲ್ಮಾದ ತಿಂಡಿ ಅಂಗಡಿಯಾಗಿಸಿತು. ಅದೇ ವರ್ಷ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಮ್ಮ ನಿಗಮವೇ ಹಳೆಯ ಬಸ್ಸನ್ನು ಹೆಂಗಸರ ಶೌಚಾಲಯವಾಗಿಸಿತು.

ಇದರಿಂದ ಗಾಡಿಯವರ ಹೊಟ್ಟೆಗೆ ಹೊಡೆತ ಬೀಳದೇ ಎಂದು ಮಿತ್ರರು ಕೇಳುತ್ತಾರೆ. ಟೆಂಡರು ಕರೆದು ಗುತ್ತಿಗೆದಾರನಿಗೆ ಕೊಟ್ಟರೆ ಖಂಡಿತ ಬೀಳುತ್ತದೆ! ಅದಕ್ಕೇ ಸಂಘ ಬೇಕೆನ್ನುವುದು; ಈಗ ಬಾಗಿಲಲ್ಲಿ ಒಲೆ ಹಚ್ಚುವವಳೇ ಅದರ ಮೊದಲ ಸದಸ್ಯೆಯಾಗಬೇಕು. ಬಸ್ಸು ಗುಜರಿಯ ತಕ್ಕಡಿ ಏರುವ ಮುನ್ನ ಅರ್ಜಿ ಬರೆಯಿರಿ, ಡಿಪೋದ ಬಾಗಿಲಿಗೆ ನಡೆಯಿರಿ.