ಅಡುಗೆಮನೆಯ ಪಾಲಿನ ಬೆಳಕು

ನಮ್ಮ ತವರುಮನೆಗೆ ಮೊದಲ ಟ್ಯೂಬ್‌ಲೈಟ್ ಬಂದಾಗ ಅದು ಎಲ್ಲಿಗೆ ಹೋಯಿತೆಂದು ನಿಮಗೆ ಹೇಳಬೇಕಾಗಿಲ್ಲ. ನಡುಮನೆಗೆ. ಅಲ್ಲಿದ್ದ ಅರವತ್ತರ ಬಲ್ಬು ಮಲಗುವ ಕೋಣೆಗೆ ಬಂತು, ಆ ಕೋಣೆಯ ನಲವತ್ತರ ಬಲ್ಬು ಅಡುಗೆಮನೆಗೆ ಇಳಿಯಿತು. ಹಳೇ ಸೀರೆ ಕೊನೆಗೆ ಮಸಿಬಟ್ಟೆಯಾಗುವ ಹಾಗೆ. ಹೊಗೆ, ಒಗ್ಗರಣೆಯ ಜಿಡ್ಡು ಕುಡಿದು ಕಂದಿದ ಅಂಥ ಬಲ್ಬುಗಳ ಕೆಳಗೇ ಅಮ್ಮ ಮೂವತ್ತು ವರ್ಷ ಅಡುಗೆ ಮಾಡಿದಳು. ಅಕ್ಕಿಯ ಕಲ್ಲು ಆರಿಸಲು ಮೊರ ಹಿಡಿದು ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದಳು. ಸಾರಿನಲ್ಲಿ ಕೂದಲು ಸಿಕ್ಕಿದರೆ ಮಾತ್ರ ನಡುಮನೆಯಿಂದ ಕೂಗು: "ಕಣ್ಣು ಕಾಣೋದಿಲ್ವೇನೇ?"

ಕಾಣುತ್ತಿರಲಿಲ್ಲ. ಆಗ ಯಾರೂ ಹೇಳದ ಆ ಮಾತನ್ನು ನಾನು ಈಗ ಹೇಳುತ್ತಿದ್ದೇನೆ.

ಕರೆಂಟಿನ ಖರ್ಚು ಎನ್ನುತ್ತಿದ್ದರು. ಬೆಳಕೂ ರೇಡಿಯೋ ಅಲೆ, ಎಕ್ಸ್-ರೇಗಳ ವಂಶದ್ದೇ ಆದ ವಿದ್ಯುತ್ಕಾಂತೀಯ ಅಲೆ. ಆ ದೊಡ್ಡ ವಂಶದಲ್ಲಿ ನಮ್ಮ ಕಣ್ಣಿಗೆ ದಕ್ಕುವುದು ಸುಮಾರು 400ರಿಂದ 700 ನ್ಯಾನೋಮೀಟರಿನ ಒಂದು ತುಣುಕು ಮಾತ್ರ. ತಂತಿ ಕಾಯಿಸಿ ಬೆಳಗುವ ಹಳೆಯ ಬಲ್ಬು ನುಂಗಿದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಶಾಖವಾಗಿ ಕಳೆಯುತ್ತಿತ್ತು. ಒಲೆಯ ಮುಂದೆ ಬೇಯುವವಳ ತಲೆಯ ಮೇಲೆ ಇನ್ನೊಂದು ಪುಟ್ಟ ಒಲೆ!

ಆ ಕಾಲ ಹೋಯಿತು. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ನೀಲಿ ಸಿಕ್ಕಿದ್ದರಿಂದಲೇ ಬಿಳಿಯ ಎಲ್‌ಇಡಿ ದೀಪ ಸಾಧ್ಯವಾಯಿತು. ನಲವತ್ತರ ಬಲ್ಬು ಒಂದು ಯೂನಿಟ್‌ನಲ್ಲಿ 25 ಗಂಟೆ ಉರಿಯುತ್ತಿತ್ತು. 9 ವ್ಯಾಟ್‌ನ ಎಲ್‌ಇಡಿ ಅದೇ ಯೂನಿಟ್‌ನಲ್ಲಿ 110 ಗಂಟೆ ಉರಿದು, ಸುಮಾರು ಎರಡು ಪಟ್ಟು ಬೆಳಕು ಕೊಡುತ್ತದೆ. ಇನ್ನು ಖರ್ಚಿನ ನೆಪ ನಡೆಯುವುದಿಲ್ಲ.

ಆದರೂ ನಡೆಯುವುದೇನು? ಮೊನ್ನೆ ನಮ್ಮ ಮನೆ ರಿಪೇರಿ ಮಾಡಿಸುವಾಗ ಹಾಲಿನ ಸೂರಿಗೆ ಹನ್ನೆರಡು ದೀಪ, ಅಡುಗೆಮನೆಗೆ ನಟ್ಟನಡುವೆ ಒಂದು. "ಕಟ್ಟೆಯ ಮೇಲೊಂದು ಹಾಕಪ್ಪ" ಎಂದೆ. "ಒಂದಿದೆಯಲ್ಲ, ಸಾಕು ಬಿಡಮ್ಮಾ" ಎಂದ ವೈರಿಂಗ್ ಹುಡುಗ. ನಮ್ಮವರೂ ತಲೆಯಾಡಿಸಿದರು. ನಾನು ವಾದಕ್ಕೆ ಹೋಗಲಿಲ್ಲ. ರಾತ್ರಿ ಅವರ ಕೈಗೆ ಚಾಕು ಕೊಟ್ಟು, "ಸ್ವಲ್ಪ ಹುರುಳಿಕಾಯಿ ಹೆಚ್ಚಿಕೊಡ್ರಿ" ಎಂದೆ.

ಎರಡು ನಿಮಿಷವಾಗಿರಲಿಲ್ಲ. "ಏನೇ ಇದು, ನನ್ನ ನೆರಳೇ ಮಣೆ ಮೇಲೆ ಬೀಳ್ತಿದೆ!"

"ನನ್ನದು ಇಪ್ಪತ್ತಾರು ವರ್ಷದಿಂದ ಬೀಳ್ತಿದೆ" ಎಂದೆ.

ದೀಪ ಬೆನ್ನ ಹಿಂದಿದ್ದರೆ ಎಷ್ಟು ಪ್ರಖರವಾಗಿದ್ದರೇನು? ಕೆಲಸ ನಡೆಯುವುದು ನಮ್ಮದೇ ನೆರಳಿನಲ್ಲಿ. ಬೆಳಕಿನ ಲೆಕ್ಕವೂ ಕಠೋರವಾದದ್ದು: ದೀಪ ಎರಡರಷ್ಟು ದೂರವಾದರೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ ಒಂದು ಪಟ್ಟಿದೀಪ ಸಾಕು, ಸೂರಿಗೆ ಹತ್ತು ಬೇಡ.

ತಪ್ಪು ಗಂಡಸರದಷ್ಟೇ ಅಲ್ಲ. ಬರುವ ನೆಂಟರ ಕಣ್ಣಿಗೆಂದು ಹಾಲನ್ನು ಬೆಳಗಿಸಿ, "ನನಗೆ ಅಭ್ಯಾಸವಾಗಿದೆ" ಎಂದು ಬೆರಳು ಕೊಯ್ದುಕೊಳ್ಳುವವರು ನಾವೇ. ಈ ಅಭ್ಯಾಸಕ್ಕೆ ತ್ಯಾಗವೆಂಬ ಹೆಸರು ಬೇಡ. ದಿನಕ್ಕೆ ನಾಲ್ಕೈದು ಗಂಟೆ ಚಾಕು, ಬೆಂಕಿ, ಕುದಿವ ಎಣ್ಣೆಯ ಜೊತೆ ಕೆಲಸ ಮಾಡುವ ಜಾಗಕ್ಕೆ ಮನೆಯ ಒಳ್ಳೆಯ ಬೆಳಕು ಸಲ್ಲಬೇಕು. ಇವತ್ತು ರಾತ್ರಿ ನಿಮ್ಮ ಕಟ್ಟೆಯ ಮುಂದೆ ನಿಂತು ಮಣೆಯನ್ನೊಮ್ಮೆ ನೋಡಿ. ಅಲ್ಲಿ ನಿಮ್ಮ ನೆರಳಿದ್ದರೆ ನಾಳೆಯೇ ಕೇಳಿ.

ನಮ್ಮ ಕಟ್ಟೆಯ ಮೇಲೆ ಈಗ ದೀಪ ಬಂದಿದೆ. ಮೊದಲು ಕಂಡದ್ದು ದಿನಾ ಉಜ್ಜಿದರೂ ಮೂಲೆಯಲ್ಲಿ ಉಳಿದಿದ್ದ ಜಿಡ್ಡು. ಅದನ್ನು ಒರೆಸಿದವರು ನಮ್ಮವರು.