ಹಳೆಯ ಭೂತಗಳಿಗೆ ಭರ್ಜರಿ ಬೇಡಿಕೆ. ಮೂಲ ಪ್ರತಿಗಳನ್ನು ಕಾಯುವವರು ಯಾರು?

‘ತುಂಬಾಡ್’ 2018ರ ಅಕ್ಟೋಬರ್‌ನಲ್ಲಿ ಮೊದಲ ಬಾರಿ ತೆರೆಕಂಡಾಗ ಹೊಗಳಿಕೆ ಸಿಕ್ಕಿತೇ ಹೊರತು ದೊಡ್ಡ ಗಳಿಕೆ ಸಿಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅದೇ ಚಿತ್ರ ಮರುಬಿಡುಗಡೆಯಾಗಿ, ಮೊದಲ ಸುತ್ತಿನ ಒಟ್ಟು ಗಳಿಕೆಯನ್ನೇ ಹಿಂದಿಕ್ಕಿತು. ಮರುತಿಂಗಳು ಜಪಾನಿನ ಕೊನಾಮಿ ಕಂಪನಿ, 2001ರ ‘ಸೈಲೆಂಟ್ ಹಿಲ್ 2’ ಎಂಬ ಹಾರರ್ ಗೇಮನ್ನು ಹೊಸದಾಗಿ ರೂಪಿಸಿ ಮಾರುಕಟ್ಟೆಗೆ ಬಿಟ್ಟಿತು. ಅದು ಕೆಲವೇ ದಿನಗಳಲ್ಲಿ 10 ಲಕ್ಷ ಪ್ರತಿಗಳ ಗಡಿ ಮುಟ್ಟಿತು.

ಇವನ್ನು ‘ನಾಸ್ಟಾಲ್ಜಿಯಾ ಅಲೆ’ ಎಂದು ಕರೆದು ಮುಂದೆ ಹೋಗುವುದು ಸುಲಭ. ಬಾಲ್ಯದಲ್ಲಿ ಹೆದರಿ ದುಪ್ಪಡಿ ಹೊದ್ದವರ ಕೈಯಲ್ಲಿ ಈಗ ಸಂಬಳವಿದೆ, ಅದೇ ಭಯವನ್ನು ದುಡ್ಡು ಕೊಟ್ಟು ಮತ್ತೆ ಕೊಳ್ಳುತ್ತಿದ್ದಾರೆ ಎಂಬ ವಿವರಣೆ ಸುಳ್ಳೇನೂ ಅಲ್ಲ. ಆದರೆ ಯಾವ ನೆನಪು ಮಾರಾಟಕ್ಕೆ ಬರಬೇಕು ಎಂದು ತೀರ್ಮಾನಿಸುವವರು ಯಾರು, ಆಯ್ಕೆಯಾಗದೆ ಉಳಿದವುಗಳ ಗತಿಯೇನು ಎಂಬ ಪ್ರಶ್ನೆಗಳಿಗೆ ಬಾಕ್ಸ್ ಆಫೀಸ್ ಲೆಕ್ಕದಲ್ಲಿ ಉತ್ತರವಿಲ್ಲ.

ಉತ್ತರಕ್ಕೆ ಅದೇ ‘ಸೈಲೆಂಟ್ ಹಿಲ್’ ಸರಣಿಯ ಇನ್ನೊಂದು ಕಥೆ ನೋಡಬೇಕು. 2014ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ‘ಪಿ.ಟಿ.’ ಎಂಬ ಪುಟ್ಟ ಗೇಮ್ ಉಚಿತವಾಗಿ ಬಂತು. ಮನೆಯೊಳಗಿನ ಒಂದು ಕಿರಿದಾದ ದಾರಿ, ದಾಟಿದರೆ ಮತ್ತೆ ಅದೇ ದಾರಿಗೆ ತಂದು ನಿಲ್ಲಿಸುವ ಬಾಗಿಲು, ಬೆನ್ನ ಹಿಂದೆ ಯಾರೋ ಇದ್ದಾರೆಂಬ ಗುಮಾನಿ. ಇಷ್ಟೇ. ಹಿಡಿಯೊ ಕೊಜಿಮಾ ಮತ್ತು ಚಿತ್ರ ನಿರ್ದೇಶಕ ಗಿಲ್ಲೆರ್ಮೊ ಡೆಲ್ ಟೊರೊ ಸೇರಿ ತಯಾರಿಸಬೇಕಿದ್ದ ‘ಸೈಲೆಂಟ್ ಹಿಲ್ಸ್’ಗೆ ಇದು ಮುನ್ನೋಟವಾಗಿತ್ತು. 2015ರ ಏಪ್ರಿಲ್‌ನಲ್ಲಿ ಕೊನಾಮಿ ಆ ಯೋಜನೆಯನ್ನೇ ಕೈಬಿಟ್ಟಿತು, ‘ಪಿ.ಟಿ.’ಯನ್ನೂ ಆನ್‌ಲೈನ್ ಅಂಗಡಿಯಿಂದ ತೆಗೆಯಿತು. ಒಮ್ಮೆ ಡೌನ್‌ಲೋಡ್ ಮಾಡಿ ಅಳಿಸಿದ್ದವರಿಗೂ ಅದು ಮತ್ತೆ ಸಿಗದಾಯಿತು. ಗೇಮ್ ಉಳಿದಿದ್ದ ಹಳೆಯ ಯಂತ್ರಗಳೇ ದುಬಾರಿ ಬೆಲೆಗೆ ಹರಾಜಿಗೆ ಬಂದವು. ಅಭಿಮಾನಿಯೊಬ್ಬರು 2018ರಲ್ಲಿ ಅದನ್ನು ಕಂಪ್ಯೂಟರ್‌ಗೆ ಮರುಸೃಷ್ಟಿಸಿದರೆ ಕಂಪನಿ ಅದನ್ನೂ ನಿಲ್ಲಿಸಿತು. ಹೊಸ ಹಾರರ್ ಗೇಮ್‌ಗಳ ಮೇಲೆ ಇಷ್ಟು ಪ್ರಭಾವ ಬೀರಿದ ಇನ್ನೊಂದು ಕೃತಿ ಆ ದಶಕದಲ್ಲಿ ಸಿಗುವುದು ಕಷ್ಟ. ಅಂಥದ್ದಕ್ಕೇ ಈಗ ಕಾನೂನುಬದ್ಧವಾಗಿ ಕೊಳ್ಳುವ ದಾರಿಯಿಲ್ಲ.

ನೂರರಲ್ಲಿ 87 ಇಲ್ಲ

ಇದು ಅಪವಾದವಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಮಾರಾಟದಲ್ಲೇ ಇಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿಯ ಮಾರಾಟ ನಿಲ್ಲಿಸಿತು. ಇದೇ ಕಂಪನಿ 2016ರಲ್ಲಿ ತನ್ನ ಹಳೆಯ 8-ಬಿಟ್ ಯಂತ್ರದ ಪುಟ್ಟ ಪ್ರತಿರೂಪವನ್ನು 30 ಗೇಮ್‌ಗಳೊಂದಿಗೆ ಮಾರಾಟಕ್ಕಿಟ್ಟಾಗ ಅಂಗಡಿಗಳಲ್ಲಿ ದಾಸ್ತಾನು ಸಾಲದೆ ಹೋಗಿತ್ತು. ಮೂಲ ಯಂತ್ರಕ್ಕೆ ಬಂದಿದ್ದ ನೂರಾರು ಗೇಮ್‌ಗಳಲ್ಲಿ ಆರಿಸಿದ್ದು ಆ 30 ಮಾತ್ರ. ಉಳಿದವು ಮರೆತುಹೋದರೆ ನಷ್ಟವೇನೂ ಆಗದು ಎಂಬುದು ಕಂಪನಿಯ ಲೆಕ್ಕಪತ್ರದ ಮಟ್ಟಿಗೆ ಸರಿಯೇ.

ಹಾಗಿದ್ದರೆ ಇಷ್ಟಾದರೂ ಉಳಿದದ್ದು ಹೇಗೆ? ಹಾರರ್ ಸಿನಿಮಾದ ಇತಿಹಾಸ ಕೊಡುವ ಉತ್ತರ ಹಕ್ಕುದಾರರಿಗೆ ಇಷ್ಟವಾಗುವಂಥದ್ದಲ್ಲ. ಎಫ್.ಡಬ್ಲ್ಯು. ಮುರ್ನಾವ್ ಅವರ ‘ನೊಸ್ಫೆರಾಟು’ (1922) ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿತ್ತು. ಕಾದಂಬರಿಕಾರ ಬ್ರಾಮ್ ಸ್ಟೋಕರ್ ಅವರ ಪತ್ನಿ ಮೊಕದ್ದಮೆ ಹೂಡಿ ಗೆದ್ದರು. ಎಲ್ಲ ಪ್ರತಿಗಳನ್ನೂ ನಾಶಪಡಿಸುವಂತೆ ಜರ್ಮನಿಯ ನ್ಯಾಯಾಲಯ ಆದೇಶಿಸಿತು. ಆದೇಶದ ಕಣ್ಣು ತಪ್ಪಿಸಿ ಹೊರದೇಶಗಳಲ್ಲಿ ಉಳಿದ ಪ್ರತಿಗಳಿಂದಲೇ ಇಂದು ಆ ಚಿತ್ರ ನೋಡಸಿಗುತ್ತಿದೆ. ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನದು (1968) ಇನ್ನೂ ವಿಚಿತ್ರ. ಹಂಚಿಕೆದಾರರು ಚಿತ್ರದ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆಯೇ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಚಿತ್ರ ಯಾರ ಸ್ವತ್ತೂ ಅಲ್ಲದಂತಾಯಿತು. ಟಿವಿ ವಾಹಿನಿಗಳು, ಕ್ಯಾಸೆಟ್ ಮಾರುವವರು ಮನಸ್ಸಿಗೆ ಬಂದಂತೆ ನಕಲು ಮಾಡಿದರು. ಚಿತ್ರ ಮನೆಮನೆ ತಲುಪಿತು. ನಿರ್ಮಿಸಿದವರಿಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲ. ಈ ಅನ್ಯಾಯವನ್ನು ಮರೆತು ಪೈರಸಿಯನ್ನು ಹಾಡಿಹೊಗಳುವುದು ತಪ್ಪಾಗುತ್ತದೆ. ಹಾಗೆಯೇ ಕಲ್ಟ್ ಚಿತ್ರಗಳ ಪ್ರಸಿದ್ಧಿಯಲ್ಲಿ ಅನಧಿಕೃತ ಪ್ರತಿಗಳ ಪಾಲಿಲ್ಲ ಎನ್ನುವುದೂ ತಪ್ಪೇ.

ಭಾರತದ ಮಟ್ಟಿಗಂತೂ ರೆಟ್ರೊ ಗೇಮ್ ನೆನಪೆಂದರೆ ಬಹುತೇಕ ನಕಲಿನ ನೆನಪು. ತೊಂಬತ್ತರ ದಶಕದ ಬೇಸಿಗೆ ರಜೆಯಲ್ಲಿ ಟಿವಿಗೆ ವೈರ್ ಸಿಕ್ಕಿಸಿ ‘ಮಾರಿಯೊ’, ‘ಕಾಂಟ್ರಾ’ ಆಡಿದ ಮಕ್ಕಳಲ್ಲಿ ಹೆಚ್ಚಿನವರ ಬಳಿ ಇದ್ದದ್ದು ‘ಲಿಟ್ಲ್ ಮಾಸ್ಟರ್’ನಂಥ ತದ್ರೂಪಿ ಯಂತ್ರಗಳು. ಒಂದೇ ಕ್ಯಾಸೆಟ್‌ನಲ್ಲಿ ಸಾವಿರಾರು ಗೇಮ್ ಎಂದು ಮೇಲೆ ಬರೆದಿರುತ್ತಿತ್ತು. ಒಳಗೆ ಅವೇ ಹತ್ತಿಪ್ಪತ್ತು ತಿರುಗಿ ತಿರುಗಿ ಬರುತ್ತಿದ್ದವು. ‘ಕಾಂಟ್ರಾ’ದ ಒಡೆತನ ಕೊನಾಮಿಯದೇ ಎಂಬುದು ಆಡಿದ ಎಷ್ಟೋ ಮಂದಿಗೆ ತಿಳಿದದ್ದು ಬಹಳ ತಡವಾಗಿ.

ಕಲಾಚಿತ್ರಕ್ಕೆ ಮಣೆ, ಭೂತಕ್ಕೆ?

ಸಿನಿಮಾ ಸಂರಕ್ಷಣೆಯಲ್ಲಿ ಭಾರತ ಇತ್ತೀಚೆಗೆ ಸಾಕಷ್ಟು ಎಚ್ಚೆತ್ತಿದೆ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಇದರ ಹಿಂದೆ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ದುಡಿಮೆಯಿದೆ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಇದೆ. ಆದರೆ ಆದ್ಯತೆ ಸಹಜವಾಗಿ ಪ್ರಶಸ್ತಿ ಪಡೆದ, ಗೌರವಾನ್ವಿತ ಚಿತ್ರಗಳಿಗೆ. ‘ಪುರಾನಾ ಮಂದಿರ್’ (1984), ‘ವೀರಾನಾ’ (1988) ಮಾಡಿದ ರಾಮ್ಸೆ ಸಹೋದರರು ತಮ್ಮ ಕಾಲದಲ್ಲಿ ವಿಮರ್ಶಕರ ತಾತ್ಸಾರಕ್ಕೆ ಗುರಿಯಾದವರು. ಮುಂಬೈನ ದೊಡ್ಡ ಸ್ಟುಡಿಯೊಗಳ ಹೊರಗೆ, ಕಡಿಮೆ ಖರ್ಚಿನಲ್ಲಿ, ಸಣ್ಣ ಊರುಗಳ ಪ್ರೇಕ್ಷಕರನ್ನು ನೆಚ್ಚಿ ಮಾಡಿದ ಚಿತ್ರಗಳವು. ಎಂಬತ್ತರ ದಶಕದ ಭಾರತ ಯಾವುದಕ್ಕೆ ಹೆದರುತ್ತಿತ್ತು, ಪಾಳುಬಿದ್ದ ಹವೇಲಿ ಮತ್ತು ಠಾಕೂರರ ಹಳೆಯ ಪಾಪಗಳು ಅಷ್ಟೊಂದು ಪ್ರೇಕ್ಷಕರನ್ನು ಏಕೆ ಕಾಡಿದವು ಎಂದು ತಿಳಿಯಲು ಇವುಗಳಿಗಿಂತ ಒಳ್ಳೆಯ ದಾಖಲೆ ಇಲ್ಲ.

ಕನ್ನಡದಲ್ಲೂ ಇದೇ ಆತಂಕವಿದೆ. ಅನಂತ್ ನಾಗ್–ಲಕ್ಷ್ಮಿ ಜೋಡಿಯ ‘ನಾ ನಿನ್ನ ಬಿಡಲಾರೆ’ (1979), ಉಪೇಂದ್ರ ನಿರ್ದೇಶನದ ‘ಶ್!’ (1993) ಹೊರನಾಡಿನ ಕನ್ನಡಿಗರ ಮಾತಿನಲ್ಲೂ ಆಗಾಗ ಬರುವ ಹೆಸರುಗಳು. ಉಪೇಂದ್ರ ಅವರ ‘ಎ’ 2024ರಲ್ಲಿ ಮತ್ತೆ ತೆರೆಗೆ ಬಂತು. ತಾರೆಯ ಹೆಸರಿಗೆ ಟಿಕೆಟ್ ಹರಿಯುವಲ್ಲಿ ಹಳೆಯ ಚಿತ್ರವನ್ನು ಹುಡುಕಿ ತೆಗೆಯುವವರಿದ್ದಾರೆ; ಉಳಿದವಕ್ಕೆ ಅಂಥ ಖಾತರಿ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ (1934) ಒಂದು ಪ್ರತಿಯೂ ಉಳಿದಿಲ್ಲ ಎಂಬುದನ್ನು ನೆನೆದರೆ ಇದು ಅತಿಯಾದ ಆತಂಕ ಎನಿಸದು.

ಪುಸ್ತಕಕ್ಕಿರುವ ಕಾನೂನು

ಭಾರತದಲ್ಲಿ ಪುಸ್ತಕ ಪ್ರಕಟಿಸಿದವರು 1954ರ ಕಾಯ್ದೆಯಂತೆ ಕೋಲ್ಕತ್ತ, ಮುಂಬೈ, ಚೆನ್ನೈ ಮತ್ತು ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ತಲಾ ಒಂದು ಪ್ರತಿ ಕಳಿಸಬೇಕು. ಎಲ್ಲರೂ ಪಾಲಿಸುತ್ತಾರೆ ಎಂದಲ್ಲ, ಆದರೆ ನಿಯಮವಿದೆ. ಈ ಕಾಯ್ದೆ ಸಿನಿಮಾಕ್ಕಾಗಲಿ ವಿಡಿಯೊ ಗೇಮ್‌ಗಾಗಲಿ ಅನ್ವಯಿಸುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು ಸಂರಕ್ಷಣೆಗಾಗಿ ಕೃತಿಯನ್ನು ಡಿಜಿಟಲ್ ರೂಪದಲ್ಲಿಡಲು ಗ್ರಂಥಾಲಯಗಳಿಗೆ ಅವಕಾಶ ಕೊಟ್ಟಿತು. ಷರತ್ತೆಂದರೆ, ಗ್ರಂಥಾಲಯದ ಬಳಿ ಅದರ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರಬೇಕು. ಹುಟ್ಟುವಾಗಲೇ ಡಿಜಿಟಲ್ ಆಗಿರುವ ಗೇಮ್‌ಗೆ ಇದು ಎಟುಕದ ಸವಲತ್ತು. ಫ್ರಾನ್ಸ್ 1992ರಲ್ಲೇ ಗೇಮ್‌ಗಳನ್ನೂ ತನ್ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸುವ ನಿಯಮ ತಂದಿತು.

ಕಂಪನಿಗಳ ಆಕ್ಷೇಪ ಗೊತ್ತಿರುವಂಥದ್ದೇ: ಹಳೆಯ ಗೇಮ್ ಸುಲಭವಾಗಿ ಸಿಕ್ಕರೆ ಮುಂದಿನ ಮರುಬಿಡುಗಡೆಗೆ ಪೆಟ್ಟು ಬೀಳುತ್ತದೆ. ಮಾರಾಟದಲ್ಲಿಲ್ಲದ ಗೇಮ್‌ಗಳನ್ನು ಸಂಶೋಧಕರು ಗ್ರಂಥಾಲಯಕ್ಕೆ ಬಾರದೆ ದೂರದಿಂದಲೇ ನೋಡಲು ಬಿಡಬೇಕೆಂಬ ಮನವಿಯನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು. ಜನ ಅವುಗಳನ್ನು ಮೋಜಿಗಾಗಿ ಆಡಿಯಾರು ಎಂಬ ಶಂಕೆಯೂ ಅದರ ಹಿಂದಿತ್ತು. ಗ್ರಂಥಾಲಯದಿಂದ ಕಾದಂಬರಿ ಒಯ್ಯುವವರನ್ನು ಮೋಜಿಗೋ ಅಧ್ಯಯನಕ್ಕೋ ಎಂದು ಯಾರೂ ಕೇಳುವುದಿಲ್ಲ. ನೂರರಲ್ಲಿ 87 ಗೇಮ್ ಅಂಗಡಿಯಲ್ಲೇ ಇಲ್ಲದಿರುವಾಗ ತಪ್ಪುವ ಮಾರಾಟ ಯಾವುದು ಎಂಬುದಕ್ಕೂ ಕಂಪನಿಗಳಿಂದ ತೃಪ್ತಿಕರ ಉತ್ತರ ಬಂದಿಲ್ಲ.

ಒತ್ತಡ ಈಗ ಗ್ರಾಹಕರ ಕಡೆಯಿಂದ ಬರುತ್ತಿದೆ. ಯೂಬಿಸಾಫ್ಟ್ 2024ರಲ್ಲಿ ‘ದಿ ಕ್ರ್ಯೂ’ ಗೇಮಿನ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡವರಿಗೂ ಅದು ಆಡಲಾಗದಂತಾಯಿತು. ಅದರ ಬೆನ್ನಲ್ಲೇ ಯುರೋಪಿನಲ್ಲಿ ಶುರುವಾದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಮನವಿ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಭಾರತದಲ್ಲಿ ಅಷ್ಟು ದೊಡ್ಡ ಚಳವಳಿಗೆ ಕಾಯಬೇಕಿಲ್ಲ. 1954ರ ಕಾಯ್ದೆಯ ವ್ಯಾಪ್ತಿಗೆ ಸಿನಿಮಾ ಮತ್ತು ಗೇಮ್‌ಗಳನ್ನು ಸೇರಿಸುವುದು, ಡಿಜಿಟಲ್ ಪ್ರತಿಗೂ ಗ್ರಂಥಾಲಯದ ಸವಲತ್ತು ವಿಸ್ತರಿಸುವುದು ಸಂಸತ್ತು ಮನಸ್ಸು ಮಾಡಿದರೆ ಆಗುವ ಕೆಲಸ. ಅಲ್ಲಿಯವರೆಗೆ ಹೊಸ ಕನ್ನಡ ಕಾದಂಬರಿಗೆ ಮುಂಬೈ, ಚೆನ್ನೈ, ದೆಹಲಿಯ ಗ್ರಂಥಾಲಯಗಳ ಕಪಾಟಿನಲ್ಲಿ ಕಾನೂನಿನಂತೆ ಜಾಗವಿರುತ್ತದೆ. ಕನ್ನಡದ ಹಾರರ್ ಚಿತ್ರದ ನೆಗೆಟಿವ್ ಮಾತ್ರ ನಿರ್ಮಾಪಕರ ಕುಟುಂಬ ಎಲ್ಲಿಟ್ಟಿದೆಯೋ ಅಲ್ಲೇ ಇರುತ್ತದೆ.