ಹಿಂದಿನ ಸೀಟಿನ ಹಿಮ

ಮನಾಲಿಗೆ ಹೋಗಿಬಂದ ಮೇಲೆ ಕುಬಟೂರಿನ ತವರಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಹಿಮ ಹೆಂಗಿತ್ತೇ?"

ಚೆನ್ನಾಗಿತ್ತಂತೆ. 2019ರ ಏಪ್ರಿಲ್. 3978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆ ಇನ್ನೂ ತೆರೆದಿರಲಿಲ್ಲ. ಗುಲಾಬಾದ ತನಕ ಹೋದೆವು. ದೇವದಾರು ಕಾಡು, ಮರದ ನೆರಳಿನಲ್ಲಿ ಕರಗದೆ ಉಳಿದ ಹಿಮ, ಅಲ್ಲಲ್ಲಿ ಕೆಂಪಗೆ ಅರಳಿದ ಬುರಾಂಶ್ ಹೂ. ಇದೆಲ್ಲ ಮುಂದಿನ ಸೀಟಿನಲ್ಲಿದ್ದ ನಮ್ಮ ಯಜಮಾನರು ಹೇಳಿದ ವರದಿ. ನಾನು ಹಿಂದೆ, ನಟ್ಟನಡುವೆ. ತೊಡೆಯ ಮೇಲೆ ವಾಂತಿ ಮಾಡುವ ಮಗ, ಕಾಲ ಬಳಿ ಚಪಾತಿ, ಚಟ್ನಿಪುಡಿಯ ಚೀಲ. "ನೋಡು ನೋಡು" ಎಂದಾಗೆಲ್ಲ ತಲೆ ಎತ್ತುವಷ್ಟರಲ್ಲಿ ತಿರುವು ದಾಟಿರುತ್ತಿತ್ತು. ಬಾಡಿಗೆ ಕೋಟು ತೊಟ್ಟು ನಿಂತ ಫೋಟೋದಲ್ಲಿ ಮಾತ್ರ ಹಿಮ ನನ್ನ ಪಕ್ಕದಲ್ಲಿದೆ.

ಇದು ನನ್ನೊಬ್ಬಳ ಕತೆಯೇ? ನಿಮ್ಮ ಮನೆಯ ಪ್ರವಾಸವನ್ನೇ ನೆನಪಿಸಿಕೊಳ್ಳಿ. ಚೀಟಿ ದುಡ್ಡು ಕೂಡಿಸಿದವಳು ನೀವು, ಬೆಳಗಿನ ನಾಲ್ಕಕ್ಕೆದ್ದು ಬುತ್ತಿ ಕಟ್ಟಿದವಳು ನೀವು. ಕಿಟಕಿ ಯಾರದು? ಎಲ್ಲಿ ನಿಲ್ಲಬೇಕೆಂದು ಹೇಳುವವರು ಯಾರು? "ಮಕ್ಕಳು ತಾಯಿ ಹತ್ತಿರವೇ ಸುಮ್ಮನಿರುತ್ತವೆ" ಎನ್ನುತ್ತಾರೆ. ಅಪ್ಪನ ಹತ್ತಿರ ಒಂದು ದಿನವಾದರೂ ಬಿಟ್ಟು ನೋಡಿದವರುಂಟೇ? ಮೂತ್ರಕ್ಕೆ ಗಾಡಿ ನಿಲ್ಲಿಸಿ ಎನ್ನಲು ನಾಚಿ, ನೀರನ್ನೇ ಕುಡಿಯದೆ ಇಡೀ ಬೆಟ್ಟ ಹತ್ತಿಳಿದೆ ನಾನು. ಇದಕ್ಕೆ ಪ್ರವಾಸ ಎನ್ನುತ್ತಾರೆ!

ಊರಿಗೆ ಬಂದವಳೇ ಡ್ರೈವಿಂಗ್ ಕಲಿಯಲು ಸೇರಿದೆ. "ಈ ವಯಸ್ಸಿನಲ್ಲಿ ಯಾಕೆ?" ಎಂದರು. ಈ ವಯಸ್ಸಿನಲ್ಲಿ ವಾಂತಿ ಬಳಿಯಬಹುದಾದರೆ ಕ್ಲಚ್ಚನ್ನೂ ಒತ್ತಬಹುದು.

ಮರುವರ್ಷ ಫಾಲ್ಗುಣದಲ್ಲಿ ಸೊರಬದಿಂದ ಆನವಟ್ಟಿ ಹಾದು ಕುಬಟೂರಿಗೆ ನಾನೇ ಕಾರು ಬಿಟ್ಟೆ. ಹಿಮವಿಲ್ಲ, ನಿಜ. ಎಲೆಯೇ ಇಲ್ಲದ ಮುತ್ತುಗದ ಮರ ಮೈತುಂಬ ಕೆಂಡ ಹೊತ್ತು ನಿಂತಿತ್ತು. ಹೊಂಗೆ ಚಿಗುರಿತ್ತು. ಬೇಕೆಂದಲ್ಲಿ ನಿಲ್ಲಿಸಿದೆ. ಕೈಟಭೇಶ್ವರ ದೇವಸ್ಥಾನದಲ್ಲೂ ಅಷ್ಟೇ. ಸುಮಾರು 900 ವರ್ಷದ ಆ ಮಂಟಪದ ನುಣುಪು ಕಂಬಗಳಿಗೆ ಒರಗಿ ಅವಸರವಿಲ್ಲದೆ ಕೂತೆವು.

ಮುಂದಿನ ಸೀಟಿನಲ್ಲಿ ಅತ್ತೆಯವರನ್ನು ಕೂರಿಸಿದ್ದೆ. ಆನವಟ್ಟಿ ದಾಟುವಾಗ ಅವರು ಕೇಳಿದರು: "ನಲವತ್ತು ವರ್ಷದಿಂದ ಇದೇ ದಾರೀಲಿ ಓಡಾಡ್ತಿದೀನಿ, ಈ ಮರ ಎಲ್ಲಿತ್ತೇ ಮಾರಾಯ್ತಿ?"

ಹಿಂದಿನಿಂದ ಯಜಮಾನರ ದನಿ ಬಂತು: "ಸ್ವಲ್ಪ ನಿಲ್ಸೇ, ಹುಡುಗ ವಾಂತಿ ಅಂತಿದಾನೆ."